ಕಚ್ಛದ ಬನ್ನಿ: ಒಂದು ಲವಣಭೂಮಿಯ ಇತಿಹಾಸ

೧

ಸಂಸ್ಕೃತ ನಿಘಂಟುಕಾರರು ಉಪ್ಪು ಬೆರೆತ ಮಣ್ಣಿಗೆ 'ಊಷ'ವೆಂದೂ ಅಂತಹ ಮಣ್ಣುಳ್ಳ ನೆಲಕ್ಕೆ 'ಊಷರ'ವೆಂದೂ ಹೆಸರು ಹೇಳಿರುವರು. ಅಮರಸಿಂಹನು ಭೂಮಿವರ್ಗದಲ್ಲಿ ಊಷವನ್ನು ಕ್ಷಾರಮೃತ್ತಿಕೆಯೆಂದೇ ವಿವರಿಸಿದ್ದಾನೆ. ಕನ್ನಡದಲ್ಲಿ ಸವುಳು, ಚೌಳು ಎಂಬ ಮಾತುಗಳು ಈ ಅರ್ಥದಲ್ಲಿ ರೂಢಿಯಲ್ಲಿವೆ. ಇದಕ್ಕೆ ಸಮೀಪವಾದ ಮತ್ತೊಂದು ಪ್ರಾಚೀನ ಶಬ್ದವು 'ಇರಿಣ'. ಇರಿಣದಲ್ಲಿ ಬಿತ್ತಿದವನಿಗೆ ಫಲವು ದೊರೆಯದೆಂಬುದು ಮನುಸ್ಮೃತಿಯಲ್ಲಿ ದೃಷ್ಟಾಂತವಾಗಿ ಬಂದಿದೆ. ಆದರೆ ಅದಕ್ಕಿಂತಲೂ ಬಹಳ ಹಳೆಯದಾದ ಋಗ್ವೇದದ ಎಂಟನೆಯ ಮಂಡಲದಲ್ಲಿ ಬಾಯಾರಿದ ಗೌರಮೃಗವು ನೀರನ್ನು ಅರಸುತ್ತ ಇರಿಣಕ್ಕೆ ಬರುತ್ತದೆ. ಒಂದು ಕಡೆ ಅದು ಬೀಜವನ್ನು ವ್ಯರ್ಥಮಾಡುವ ನೆಲ. ಮತ್ತೊಂದು ಕಡೆ ಪ್ರಾಣಿಗೆ ನೀರು ದೊರೆಯುವ ನೆಲ. ಉಳುವವನಿಗೂ ಮೇಯಿಸುವವನಿಗೂ ಒಂದೇ ಭೂಮಿಯು ಎರಡು ಬಗೆಯಾಗಿ ಕಾಣುವುದುಂಟೆಂಬುದಕ್ಕೆ ಈ ಶಬ್ದದ ಚರಿತ್ರೆಯೇ ಸಾಕ್ಷಿಯಾಗಿದೆ.

ಈ ಇರಿಣಶಬ್ದವೇ ಕಚ್ಛದೇಶದ 'ರಣ'ದ ಹೆಸರಿನಲ್ಲಿ ಉಳಿದಿರುವುದೆಂದು ವಿದ್ವಾಂಸರು ಅಭಿಪ್ರಾಯಪಡುವರು. ಕ್ರಿಸ್ತಶಕದ ಮೊದಲನೆಯ ಶತಮಾನದ ಗ್ರೀಕ್ ನಾವಿಕನೊಬ್ಬನು ಬರೆದ 'ಪೆರಿಪ್ಲಸ್' ಎಂಬ ಗ್ರಂಥದಲ್ಲಿ ಸಿಂಧೂನದಿಯಿಂದಾಚೆಗೆ 'ಐರಿನೋನ್' ಎಂಬ ಕೊಲ್ಲಿಯ ವರ್ಣನೆಯಿದೆ. ಅದು ಹಿರಿದು ಕಿರಿದೆಂದು ಎರಡು ಭಾಗವಾಗಿದ್ದಿತೆಂದೂ, ಎರಡರಲ್ಲಿಯೂ ನೀರು ಆಳವಿಲ್ಲದೆ ಮರಳುದಿಣ್ಣೆಗಳು ಸ್ಥಳ ಬದಲಾಯಿಸುತ್ತಿದ್ದುವೆಂದೂ ಅವನು ಹೇಳುತ್ತಾನೆ. ಇಂದಿನ ದೊಡ್ಡ ರಣ, ಚಿಕ್ಕ ರಣಗಳೆಂಬ ವಿಭಾಗವು ಈ ವರ್ಣನೆಗೆ ಹೊಂದಿಕೊಳ್ಳುತ್ತದೆ. ಆಗ ಹಡಗಿನವರು ಅಂಜುತ್ತಿದ್ದ ಕಡಲಿನ ಭಾಗವು ಈಗ ಬೇಸಗೆಯಲ್ಲಿ ಬಿಳಿಯ ಉಪ್ಪಿನ ಬಯಲಾಗಿಯೂ ಮಳೆಗಾಲದಲ್ಲಿ ಮೊಣಕಾಲುದ್ದದ ನೀರಾಗಿಯೂ ಇರುವುದು.

ಈ ದೊಡ್ಡ ರಣದ ದಕ್ಷಿಣದ ಅಂಚಿನಲ್ಲಿ, ಭುಜನಗರಕ್ಕೆ ಉತ್ತರದಲ್ಲಿ, 'ಬನ್ನಿ' ಎಂಬ ಹುಲ್ಲುಗಾವಲು ಇದೆ. ಅದರ ವಿಸ್ತಾರ ಸುಮಾರು ೨,೫೦೦ ಚದರ ಕಿಲೋಮೀಟರು. ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರು ಎತ್ತರದಲ್ಲಿರುವ ಈ ಸಮತಲದ ಮಣ್ಣು ಉಪ್ಪಾದುದು, ಅಂತರ್ಜಲವೂ ಉಪ್ಪಾದುದು, ವರ್ಷದ ಮಳೆ ಸರಾಸರಿ ೩೦೦ ಮಿಲಿಮೀಟರಿನ ಆಸುಪಾಸು, ಅದೂ ಅನಿಶ್ಚಿತ. ಹೀಗಿದ್ದರೂ ಇದು ಏಷ್ಯಾಖಂಡದ ಹೆಸರಾಂತ ಹುಲ್ಲುಗಾವಲುಗಳಲ್ಲಿ ಒಂದೆಂದು ಪ್ರಸಿದ್ಧವಾಗಿದ್ದಿತು. ಈ ವಿರೋಧಾಭಾಸವು ಹೇಗೆ ಸಾಧ್ಯವಾಯಿತು, ಮತ್ತು ಈ ನೆಲವನ್ನು 'ಹಾಳುಭೂಮಿ' ಎಂದು ತಿಳಿದುದರಿಂದ ಮುಂದೆ ಏನಾಯಿತು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಹೆಸರಿನ ವಿಷಯದಲ್ಲಿ ಒಂದು ಮಾತು. ಕನ್ನಡಿಗರಿಗೆ ಬನ್ನಿಯೆಂದೊಡನೆ ವಿಜಯದಶಮಿಯ ಶಮೀವೃಕ್ಷವು ನೆನಪಿಗೆ ಬರುವುದು ಸಹಜ. ನಮ್ಮ ಕಂದಾಯದ ದಫ್ತರಗಳಲ್ಲಿ 'ಹುಲ್ಲುಬನ್ನಿ' ಎಂಬ ಶಬ್ದವೂ ಉಂಟು. ಅದು ಹಿಂದೆ ಮೇವಿನ ನೆಲದ ಮೇಲಣ ತೆರಿಗೆಯ ಹೆಸರಾಗಿದ್ದು, ಈಗಲೂ 'ಹುಲ್ಲುಬನ್ನಿ ಖರಾಬು' ಎಂಬ ಭೂವರ್ಗದಲ್ಲಿ ಉಳಿದಿದೆ. ಕಚ್ಛದ ಬನ್ನಿಗೆ ಸ್ಥಳೀಯರು ಹೇಳುವ ಅರ್ಥವಾದರೋ ಬೇರೆ. ನದಿಗಳು ತಂದ ಮಣ್ಣಿನಿಂದ 'ಆದದ್ದು, ನಿರ್ಮಿತವಾದದ್ದು' ಎಂದು ಅವರು ವಿವರಿಸುವರು. ಧ್ವನಿಸಾಮ್ಯವನ್ನು ಹಿಡಿದು ಸಂಬಂಧವನ್ನು ಕಲ್ಪಿಸುವುದು ಯುಕ್ತವಲ್ಲ. ಆದರೆ ಮೇವಿನ ನೆಲವನ್ನು 'ಖರಾಬು' ಎಂಬ ಪದದೊಡನೆ ಜೋಡಿಸಿ ಬರೆಯುವ ಪದ್ಧತಿಯು ನಮ್ಮಲ್ಲಿಯೂ ಇದೆಯೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

೨

ಮೊದಲು ಮಣ್ಣಿನ ಸ್ವರೂಪವನ್ನು ತಿಳಿಯುವುದು ಅವಶ್ಯ. ಲವಣದೂಷಿತವಾದ ಮಣ್ಣುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮಣ್ಣಿನ ನೀರಿನಲ್ಲಿ ಕರಗಿದ ಲವಣಗಳು ಹೆಚ್ಚಾಗಿರುವುದು ಒಂದು; ಜೇಡಿಯ ಕಣಗಳಿಗೆ ಸೋಡಿಯಂ ಅಂಟಿಕೊಂಡು ಮಣ್ಣಿನ ರಚನೆಯೇ ಕೆಟ್ಟಿರುವುದು ಇನ್ನೊಂದು. ಅಮೆರಿಕಾದ ರಿವರ್‌ಸೈಡಿನ ಲವಣ ಸಂಶೋಧನಾಲಯವು ೧೯೫೪ರಲ್ಲಿ ಪ್ರಕಟಿಸಿದ ಕೈಪಿಡಿಯು ಇವೆರಡಕ್ಕೂ ಗೆರೆಯನ್ನು ಹಾಕಿಕೊಟ್ಟಿತು. ನೀರಿನಿಂದ ತೊಯ್ದ ಮಣ್ಣಿನ ಸಾರದ ವಿದ್ಯುದ್ವಾಹಕತೆಯು ಮೀಟರಿಗೆ ೪ ಡೆಸಿಸೀಮೆನ್ಸನ್ನು ಮೀರಿದರೆ ಅದು ಲವಣಭೂಮಿ. ಕಣಗಳಲ್ಲಿ ವಿನಿಮಯಕ್ಕೆ ಒದಗುವ ಧಾತುಗಳಲ್ಲಿ ಸೋಡಿಯಂ ನೂರಕ್ಕೆ ೧೫ನ್ನು ಮೀರಿದರೆ ಅದು ಸೋಡಿಯಂ ಕ್ಷಾರಭೂಮಿ. ಎರಡು ದೋಷಗಳೂ ಒಂದೇ ಕಡೆ ಕೂಡಿರುವುದೂ ಉಂಟು.

ಸಮುದ್ರತೀರದ ತಗ್ಗುನೆಲಗಳಲ್ಲಿ ಲವಣವು ಕಡಲಿನಿಂದ ಬಂದುದಾದುದರಿಂದ ಅಡಿಗೆಯ ಉಪ್ಪೇ ಅದರಲ್ಲಿ ಪ್ರಧಾನವಾದುದು. ಅದು ನೆಲದಲ್ಲಿ ಒಂದೇ ಕಡೆ ನಿಲ್ಲುವುದಿಲ್ಲ. ದೀಪದ ಬತ್ತಿಯಲ್ಲಿ ಎಣ್ಣೆಯೇರುವಂತೆ ಅಂತರ್ಜಲವು ಮಣ್ಣಿನ ಸೂಕ್ಷ್ಮರಂಧ್ರಗಳಲ್ಲಿ ಮೇಲಕ್ಕೇರುವುದು. ಬಿಸಿಲು ನೀರನ್ನು ಮಾತ್ರ ಕೊಂಡೊಯ್ದು ಉಪ್ಪನ್ನು ಮೇಲ್ಪದರದಲ್ಲಿ ಬಿಟ್ಟುಹೋಗುವುದು. ಮಳೆ ಬಂದಾಗ ಈ ಉಪ್ಪು ಕರಗಿ ಮತ್ತೆ ಕೆಳಗಿಳಿಯುವುದು. ಹೀಗೆ ಉಪ್ಪು ವರ್ಷಕ್ಕೊಮ್ಮೆ ಇಳಿದೇರುವ ಈ ನೆಲದಲ್ಲಿ ಹುಲ್ಲು ಮೊಳೆಯುವುದಕ್ಕೆ ಅನುಕೂಲವಾದ ಕಾಲವು ಮಳೆ ಬಿದ್ದ ಕೆಲವು ವಾರಗಳು ಮಾತ್ರ. ಉಪ್ಪು ಹೆಚ್ಚಾದಾಗ ಬೇರು ನೀರನ್ನು ಎಳೆದುಕೊಳ್ಳಲಾರದು. ಆದಕಾರಣ ಒದ್ದೆಯಾದ ನೆಲದಲ್ಲಿಯೇ ಗಿಡವು ಬಾಯಾರಿ ಸಾಯುವುದು.

ಒಳನಾಡಿನಲ್ಲಿ ಇಂತಹ ನೆಲವನ್ನು ಸಿಹಿನೀರು ಕಟ್ಟಿ ತೊಳೆದು, ಕಾಲುವೆ ತೋಡಿ ಬಸಿದು, ಬೇಸಾಯಕ್ಕೆ ತರಬಹುದು. ಕಡಲಿನ ಮಟ್ಟಕ್ಕೆ ಹತ್ತಿರವಾಗಿರುವ ತಗ್ಗುನೆಲದಲ್ಲಿ ತೊಳೆದ ನೀರು ಹರಿದುಹೋಗಲು ಇಳಿಜಾರೇ ಇರುವುದಿಲ್ಲ. ಲವಣವು ತೊಳೆದುಹೋಗಿ ಕಣಗಳ ಸೋಡಿಯಂ ಮಾತ್ರ ಉಳಿದರೆ ಜೇಡಿಯು ಕದಡಿ, ಮೇಲೆ ಹೆಪ್ಪುಗಟ್ಟಿ, ನೀರು ಇಂಗದಂತಾಗುವುದು. ನೆಲದ ಹುಲ್ಲುಹೊದಿಕೆಯನ್ನು ಕಿತ್ತರೆ ಬಿಸಿಲು ನೇರವಾಗಿ ಮಣ್ಣಿಗೆ ತಾಗಿ ಉಪ್ಪು ಮೇಲೇರುವುದು ಹೆಚ್ಚುವುದು. ಆದುದರಿಂದ ಇಂತಹ ನೆಲದಲ್ಲಿ ಹುಲ್ಲು ಕೇವಲ ಉತ್ಪತ್ತಿಯಲ್ಲ. ಮಣ್ಣನ್ನು ಕಾಯುವ ಹೊದಿಕೆಯೂ ಅದೇ.

ಬನ್ನಿಯಲ್ಲಿ ಗೇಣುದ್ದ ಎತ್ತರದ ವ್ಯತ್ಯಾಸವೂ ಸಸ್ಯಗಳನ್ನು ಬದಲಾಯಿಸಬಲ್ಲುದು. ಉಪ್ಪು ಅತಿಯಾದ ಕಡೆ 'ಲಾಣೋ' ಎಂಬ ಸುಯೇಡಾ ಜಾತಿಯ ಕುರುಚಲು ಗಿಡವು ಉಪ್ಪನ್ನು ತನ್ನ ದಪ್ಪ ಎಲೆಗಳಲ್ಲಿ ಕೂಡಿಹಾಕಿಕೊಂಡು ಬದುಕುವುದು. ಏಲ್ಯುರೋಪಸ್ ಎಂಬ ಹುಲ್ಲೂ ಕ್ರೆಸ್ಸಾ ಎಂಬ ಮೂಲಿಕೆಯೂ ಹೀರಿದ ಉಪ್ಪನ್ನು ಎಲೆಯ ಮೇಲಿನ ಗ್ರಂಥಿಗಳಿಂದ ಹೊರಕ್ಕೆ ಸೂಸುವುವು. ಸ್ವಲ್ಪ ಎತ್ತರವಾಗಿ ಉಪ್ಪು ತೊಳೆದುಹೋಗುವ ಕಡೆಗಳಲ್ಲಿ 'ಜಿಂಜವೋ' ಎಂಬ ಡೈಕ್ಯಾಂಥಿಯಮ್ ಹುಲ್ಲು ಬೆಳೆಯುವುದು; ದನಗಳಿಗೆ ಇದೇ ಅತಿಪ್ರಿಯವಾದುದು. ಒಂದೇ ಬಯಲಿನಲ್ಲಿ ಒಂಟೆಯ ಮೇವೂ ಹಸುವಿನ ಮೇವೂ ಮಗ್ಗುಲು ಮಗ್ಗುಲಾಗಿ ದೊರೆಯುವುದಕ್ಕೆ ಉಪ್ಪಿನ ಈ ಹಂಚಿಕೆಯೇ ಕಾರಣ.

೩

ಲವಣಭೂಮಿಯಲ್ಲಿ ಬೇಸಾಯವು ಸಾಧ್ಯವೇ ಇಲ್ಲವೆಂದಲ್ಲ. ಅದು ಸಿಹಿನೀರಿನ ಅಖಂಡವಾದ ಒದಗುವಿಕೆಯನ್ನು ಅವಲಂಬಿಸಿರುವುದು. ಇದಕ್ಕೆ ಕಚ್ಛದ ಇತಿಹಾಸದಲ್ಲಿಯೇ ಸ್ಪಷ್ಟವಾದ ಉದಾಹರಣೆಯಿದೆ.

ಬನ್ನಿಗೆ ಪಶ್ಚಿಮದಲ್ಲಿ ಲಖಪತ ಕೋಟೆಯ ಆಚೆಗೆ ಸಯರಾ ಎಂಬ ಸೀಮೆಯಿದ್ದಿತು. ಸಿಂಧೂನದಿಯ ಪೂರ್ವದ ಕವಲು ಕೋರಿ ಎಂಬ ಅಳಿವೆಯ ಮೂಲಕ ಅಲ್ಲಿ ಕಡಲನ್ನು ಸೇರುತ್ತಿದ್ದಿತು. ಆ ನೀರಿನಿಂದ ಸಯರಾದಲ್ಲಿ ಬತ್ತದ ಬೆಳೆ ಸಮೃದ್ಧವಾಗಿ ಆಗುತ್ತಿದ್ದು, ಕಚ್ಛದ ರಾವ್ ದೊರೆಗಳಿಗೆ ಅದರಿಂದ ಒಳ್ಳೆಯ ಆದಾಯವಿದ್ದಿತು. ೧೭೬೨ರಲ್ಲಿ ಸಿಂಧದ ಅಧಿಪತಿಯಾದ ಗುಲಾಮ್ ಶಾಹ ಕಲ್ಹೋರನು ಕಚ್ಛದ ಮೇಲೆ ದಂಡೆತ್ತಿ ಬಂದನು. ಝಾರಾ ಎಂಬಲ್ಲಿ ಘೋರವಾದ ಯುದ್ಧ ನಡೆಯಿತು. ದೇಶವನ್ನು ಗೆದ್ದುಕೊಳ್ಳಲಾರದೆ ಅವನು ಹಿಂದಿರುಗಿ, ಮೋರಾ ಎಂಬಲ್ಲಿ ನದಿಯ ಕವಲಿಗೆ ಒಡ್ಡು ಕಟ್ಟಿಸಿ ನೀರನ್ನು ತನ್ನ ದೇಶದ ಕಡೆಗೇ ತಿರುಗಿಸಿದನು. ಕತ್ತಿಯಿಂದ ಆಗದುದು ಒಡ್ಡಿನಿಂದ ಆಯಿತು. ಅವನ ಅನಂತರದವರೂ ಒಡ್ಡುಗಳನ್ನು ಕಟ್ಟಿದರು; ೧೮೦೨ರಲ್ಲಿ ಮೀರ್ ಫತೇ ಅಲಿಯು ಅಲಿಬಂದರದ ಬಳಿ ಕಟ್ಟಿಸಿದ ಒಡ್ಡಿನಿಂದ ನೆರೆಗಾಲದ ನೀರೂ ನಿಂತುಹೋಯಿತು. ಸಿಹಿನೀರು ತಳ್ಳುತ್ತಿದ್ದ ಕಡಲ ನೀರು ಕೋರಿಯ ಮೂಲಕ ಮೇಲಕ್ಕೆ ಬಂದಿತು. ಬತ್ತದ ಗದ್ದೆಗಳು ರಣದಲ್ಲಿ ಸೇರಿಹೋದುವು.

ಇದರ ಮೇಲೆ ೧೮೧೯ನೆಯ ಜೂನ್ ೧೬ರ ಸಂಜೆ ದೊಡ್ಡ ಭೂಕಂಪವಾಯಿತು. ಭುಜದಲ್ಲಿ ಬಹಳ ಪ್ರಾಣಹಾನಿಯಾಯಿತು. ಅಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಕ್ಯಾಪ್ಟನ್ ಜೇಮ್ಸ್ ಮ್ಯಾಕ್‌ಮರ್ಡೋ ಅದರ ವೃತ್ತಾಂತವನ್ನು ಬರೆದಿಟ್ಟನು. ಕೋರಿಯ ಕವಲಿನ ಮೇಲೆ ಸುಂಕದ ಠಾಣೆಯಾಗಿದ್ದ ಸಿಂದ್ರಿ ಕೋಟೆಯು ನೆಲಸಹಿತ ಕುಸಿದು ನೀರಿನಲ್ಲಿ ಮುಳುಗಿತು. ಅಲ್ಲಿದ್ದವರು ಉಳಿದಿದ್ದ ಬುರುಜನ್ನೇರಿ ಮರುದಿನ ದೋಣಿಗಳಿಂದ ಪಾರಾದರು. ಸಿಂದ್ರಿಗೆ ಉತ್ತರದಲ್ಲಿ ನೆಲವು ಉದ್ದವಾದ ದಿಬ್ಬವಾಗಿ ಮೇಲೆದ್ದಿತು. ಇದರ ಉದ್ದವನ್ನು ಈಗಿನ ಭೂವಿಜ್ಞಾನಿಗಳು ೮೦ ಕಿಲೋಮೀಟರಿಗೂ ಹೆಚ್ಚೆಂದು ಎಣಿಸುವರು. ಮನುಷ್ಯರು ಕಟ್ಟಿದ ಒಡ್ಡುಗಳಿಂದ ಇದನ್ನು ಬೇರ್ಪಡಿಸುವುದಕ್ಕಾಗಿ ಜನರು ಇದಕ್ಕೆ 'ಅಲ್ಲಾ ಬಂದ್', ದೇವರ ಒಡ್ಡು, ಎಂದು ಹೆಸರಿಟ್ಟರು.

೧೮೨೬ರಲ್ಲಿ ಸಿಂಧೂನದಿಗೆ ಮಹಾಪೂರ ಬಂದು, ಮನುಷ್ಯರ ಒಡ್ಡುಗಳನ್ನೂ ದೇವರ ಒಡ್ಡನ್ನೂ ಕೊರೆದುಕೊಂಡು ಸಿಹಿನೀರು ಸಿಂದ್ರಿಯ ಸರೋವರಕ್ಕೆ ಇಳಿಯಿತು. ೧೮೨೭ ಮತ್ತು ೧೮೨೮ರಲ್ಲಿ ಅಲೆಗ್ಸಾಂಡರ್ ಬರ್ನ್ಸನು ಈ ಸ್ಥಳಗಳನ್ನು ಸಂದರ್ಶಿಸಿ ಬರೆದ ಸಂಗತಿಗಳನ್ನು ಚಾರ್ಲ್ಸ್ ಲಯೆಲನು ತನ್ನ ಭೂವಿಜ್ಞಾನತತ್ತ್ವಗಳ ಗ್ರಂಥದಲ್ಲಿ ಉಪಯೋಗಿಸಿಕೊಂಡಿದ್ದಾನೆ. ಅವುಗಳಲ್ಲಿ ಒಂದು ನಮಗೆ ಬಹು ಮುಖ್ಯವಾದುದು. ಪೂರದಿಂದ ಸಿಹಿಯಾಗಿದ್ದ ಸರೋವರದ ನೀರು ೧೮೨೮ರ ಆಗಸ್ಟಿನ ಹೊತ್ತಿಗೆ ಮತ್ತೆ ಉಪ್ಪಾಗಿದ್ದಿತು. ಅದು ಕಡಲಿಗಿಂತಲೂ ಹೆಚ್ಚು ಉಪ್ಪಾಗಿದೆಯೆಂದು ಎಣಿಸಲಾಗಿತ್ತು. ಅದಕ್ಕೆ ರಣದ ಮಣ್ಣಿನಲ್ಲಿ ತುಂಬಿರುವ ಲವಣವೇ ಕಾರಣವೆಂದು ಅಲ್ಲಿನ ಜನರು ಬರ್ನ್ಸನಿಗೆ ತಿಳಿಸಿದ್ದರು. ಉಪ್ಪು ಬರುವುದು ಕಡಲಿನಿಂದ ಮಾತ್ರವಲ್ಲ, ನೆಲವೇ ಅದನ್ನು ಬಚ್ಚಿಟ್ಟುಕೊಂಡಿರುವುದೆಂಬ ಈ ಅಭಿಪ್ರಾಯವು ಇಂದಿನ ಮೃತ್ತಿಕಾಶಾಸ್ತ್ರಕ್ಕೆ ಸಮ್ಮತವಾದುದೇ. ಇದನ್ನು ಹೇಳಿದವರು ಪಂಡಿತರಲ್ಲ, ಆ ನೆಲದಲ್ಲಿ ಬಾಳಿದವರು.

ಸಯರಾದ ಕಥೆಯಿಂದ ತಿಳಿಯುವುದೇನೆಂದರೆ: ನದಿಯ ನೀರನ್ನು ನಂಬಿದ ಬೇಸಾಯವು ನದಿಯೊಡನೆಯೇ ನಾಶವಾಯಿತು. ಮಳೆಯ ನೀರನ್ನೂ ಹುಲ್ಲನ್ನೂ ನಂಬಿದ ಬನ್ನಿಯ ಜೀವನವಾದರೋ ಆ ಬಳಿಕವೂ ಮುಂದುವರಿಯಿತು.

೪

ಬನ್ನಿಯ ನಿವಾಸಿಗಳಿಗೆ 'ಮಾಲ್‌ಧಾರಿ'ಗಳೆಂದು ಹೆಸರು. ಮಾಲ್ ಎಂದರೆ ಜಾನುವಾರುಗಳೆಂಬ ಸೊತ್ತು. ಅದನ್ನು ಉಳ್ಳವರು ಮಾಲ್‌ಧಾರಿಗಳು. ಜತ, ಮುತವಾ, ಹಾಲೇಪೋತ್ರ ಮೊದಲಾದ ಪಶುಪಾಲಕ ಮುಸಲ್ಮಾನ ಕುಲದವರೂ, ಚರ್ಮ ಮತ್ತು ನೆಯ್ಗೆಯ ಕೆಲಸದಲ್ಲಿ ನಿಪುಣರಾದ ಮೇಘವಾಲರೂ ಇಲ್ಲಿ ನೆಲಸಿರುವರು. ಕಾಂಕ್ರೇಜ್ ತಳಿಯ ದನಗಳನ್ನೂ ಎಮ್ಮೆಗಳನ್ನೂ ಸಾಕಿ, ತುಪ್ಪವನ್ನೂ ಎತ್ತುಗಳನ್ನೂ ಮಾರುವುದು ಇವರ ವೃತ್ತಿಯಾಗಿದ್ದಿತು. ರಾವ್ ದೊರೆಗಳ ಕಾಲದಲ್ಲಿ ಬನ್ನಿಯು ಮೇವಿಗಾಗಿಯೇ ಮೀಸಲಾಗಿದ್ದು, ಮೇಯಿಸುವವರಿಂದ ದನದ ಲೆಕ್ಕದಲ್ಲಿ ತೆರಿಗೆಯನ್ನು ತೆಗೆದುಕೊಳ್ಳುತ್ತಿದ್ದರು. ನಮ್ಮ ಹುಲ್ಲುಬನ್ನಿ ತೆರಿಗೆಗೆ ಇದು ಸದೃಶವಾದುದು.

ಕುಡಿಯುವ ನೀರಿಗಾಗಿ ಇವರು ಕಂಡುಕೊಂಡ ಉಪಾಯವು 'ವಿರಡಾ'. ಮಳೆಗಾಲದಲ್ಲಿ ನೀರು ಯಾವ ತಗ್ಗಿಗೆ ಹರಿದು ನಿಲ್ಲುವುದೆಂಬುದನ್ನು ಅವರು ಗಮನಿಸುತ್ತಾರೆ. ಕೆರೆಯಂತಹ ಆ ತಗ್ಗು ಒಣಗಿದ ಮೇಲೆ ಅದರ ಹಾಸಿನಲ್ಲಿಯೇ ಸಣ್ಣ ಬಾವಿಗಳನ್ನು ತೋಡುತ್ತಾರೆ. ಬದಿಯು ಕುಸಿಯದಂತೆ ಮರದ ತುಂಡುಗಳನ್ನು ಚೌಕವಾಗಿ ಜೋಡಿಸಿ ಸಂದುಗಳಿಗೆ ಹುಲ್ಲನ್ನು ತುರುಕುತ್ತಾರೆ. ನೆಲದಲ್ಲಿ ಇಂಗಿದ ಮಳೆಯ ಸಿಹಿನೀರು ಹಗುರವಾದುದರಿಂದ ಕೆಳಗಣ ಉಪ್ಪುನೀರಿನ ಮೇಲೆ ಪದರವಾಗಿ ನಿಂತಿರುವುದು. ಬಾವಿಯು ಆ ಪದರದಲ್ಲಿಯೇ ನಿಲ್ಲಬೇಕು. ಹೆಚ್ಚು ಆಳಕ್ಕೆ ಹೋದರೆ ಉಪ್ಪುನೀರು ನುಗ್ಗುವುದು. ಒಂದರ ನೀರು ಉಪ್ಪಾಗತೊಡಗಿದ ಕೂಡಲೆ ಅದನ್ನು ಬಿಟ್ಟು ಇನ್ನೊಂದನ್ನು ತೆರೆಯುವರು. ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ಈ ನಿಯಮವನ್ನು ಯೂರೋಪಿನಲ್ಲಿ ಹಾಲೆಂಡಿನ ಬಾಡನ್ ಘೈಬೆನನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ, ಜರ್ಮನಿಯ ಹರ್ಜ್‌ಬರ್ಗನು ೧೯೦೧ರಲ್ಲಿಯೂ ಲೆಕ್ಕಹಾಕಿ ಸೂತ್ರವಾಗಿ ಬರೆದರು. ಬನ್ನಿಯ ದನಗಾಹಿಗೆ ಅದು ನಿತ್ಯದ ಬಳಕೆಯ ಜ್ಞಾನವಾಗಿದೆ.

೫

ಸ್ವಾತಂತ್ರ್ಯಾನಂತರ ಬನ್ನಿಯ ಇತಿಹಾಸದಲ್ಲಿ ಹೊಸ ಅಧ್ಯಾಯವು ಆರಂಭವಾಗುತ್ತದೆ. ೧೯೫೫ರಲ್ಲಿ ಈ ಹುಲ್ಲುಗಾವಲನ್ನು ರಕ್ಷಿತ ಅರಣ್ಯವೆಂದು ಘೋಷಿಸಲಾಯಿತು. ರಣದ ಉಪ್ಪು ದಕ್ಷಿಣಕ್ಕೆ ಹಬ್ಬುತ್ತಿದೆಯೆಂಬ ಭಯದಿಂದ, ಅದನ್ನು ತಡೆಯುವುದಕ್ಕಾಗಿ, ೧೯೬೦ರ ದಶಕದ ಆದಿಯಲ್ಲಿ ಬನ್ನಿಯ ಅಂಚಿನ ಸುಮಾರು ೩೧,೦೦೦ ಹೆಕ್ಟೇರಿನಲ್ಲಿ ಮೆಕ್ಸಿಕೋ ಮತ್ತು ದಕ್ಷಿಣ ಅಮೆರಿಕಾ ಮೂಲದ ಪ್ರೊಸೊಪಿಸ್ ಜೂಲಿಫ್ಲೋರವನ್ನು ಬೆಳೆಸಲಾಯಿತು. ಭಾರತದಲ್ಲಿ ಈ ಗಿಡವು ೧೮೭೭ರಲ್ಲಿಯೇ ಕಡಪದ ಸೀಮೆಗೆ ಬಂದಿದ್ದಿತು. ಕನ್ನಡನಾಡಿನಲ್ಲಿ ಇದನ್ನು ಬಳ್ಳಾರಿ ಜಾಲಿ ಎನ್ನುವರು. ಕಚ್ಛದವರು ಇಟ್ಟ ಹೆಸರು 'ಗಾಂಡೋ ಬಾವಳ', ಅಂದರೆ ಹುಚ್ಚು ಜಾಲಿ. ನಾವು ಪೂಜಿಸುವ ಬನ್ನಿಮರಕ್ಕೂ ಇದಕ್ಕೂ ಹತ್ತಿರದ ಸಂಬಂಧವಿದ್ದು, ಎರಡನ್ನೂ ಒಂದೇ ಕುಲದಲ್ಲಿ ಸಸ್ಯಶಾಸ್ತ್ರಜ್ಞರು ಬಹುಕಾಲ ಎಣಿಸಿದರು.

ನೆಟ್ಟವರ ಉದ್ದೇಶವು ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಆದರೆ ನೆಟ್ಟ ಗಿಡವು ನೆಟ್ಟ ಕಡೆಯಲ್ಲಿ ನಿಲ್ಲಲಿಲ್ಲ. ದನಗಳು ಅದರ ಸಿಹಿಯಾದ ಕಾಯಿಗಳನ್ನು ತಿಂದು, ಜೀರ್ಣವಾಗದ ಬೀಜಗಳನ್ನು ಸೆಗಣಿಯೊಡನೆ ಬಯಲಿನ ಎಲ್ಲೆಡೆಗೂ ಹರಡಿದುವು. ಆಳಕ್ಕಿಳಿಯುವ ಬೇರೂ ಲವಣಸಹಿಷ್ಣುತೆಯೂ ಇದ್ದುದರಿಂದ ಅದು ಹುಲ್ಲನ್ನು ಒತ್ತರಿಸಿ ಬನ್ನಿಯ ಬಹುಭಾಗವನ್ನು ಆಕ್ರಮಿಸಿತು. ಇದೇ ಕಾಲದಲ್ಲಿ ದಕ್ಷಿಣದ ಗುಡ್ಡಗಳಿಂದ ಬನ್ನಿಗೆ ಇಳಿಯುತ್ತಿದ್ದ ತೊರೆಗಳಿಗೆ ಅಣೆಕಟ್ಟುಗಳಾದುವು. ಖಾರಿ ನದಿಯ ರುದ್ರಮಾತಾ ಜಲಾಶಯವು ಇದಕ್ಕೆ ಉದಾಹರಣೆ. ಉಪ್ಪನ್ನು ತೊಳೆಯುತ್ತಿದ್ದ ಸಿಹಿನೀರು ಹೀಗೆ ಕಡಿಮೆಯಾಯಿತು. ಮೋರಾದ ಒಡ್ಡನ್ನು ಕಟ್ಟಿಸಿದುದು ವೈರ. ಈ ಅಣೆಕಟ್ಟುಗಳನ್ನು ಕಟ್ಟಿಸಿದುದು ಹಿತಚಿಂತನೆ. ಆದರೆ ಉಪ್ಪುನೆಲಕ್ಕೆ ಕಟ್ಟಿದವರ ಮನಸ್ಸು ತಿಳಿಯದು. ಅದಕ್ಕೆ ತಿಳಿಯುವುದು ಬರುವ ನೀರಿನ ಪ್ರಮಾಣವೊಂದೇ.

ಜಾಲಿಯ ಕಾಯಿಯನ್ನು ಹೆಚ್ಚಾಗಿ ತಿಂದ ಕಾಂಕ್ರೇಜ್ ದನಗಳು ರೋಗಕ್ಕೆ ಈಡಾದುವು. ಎಮ್ಮೆಗಳು ಅದನ್ನು ತಾಳಿಕೊಂಡುವು. ಆದುದರಿಂದ ಮಾಲ್‌ಧಾರಿಗಳು ಕ್ರಮೇಣ ಎಮ್ಮೆಗಳನ್ನೇ ಹೆಚ್ಚಾಗಿ ಸಾಕತೊಡಗಿದರು. ರಾತ್ರಿಯಲ್ಲಿ ತಾವಾಗಿಯೇ ಮೇಯಲು ಹೋಗಿ ಬೆಳಗ್ಗೆ ಮನೆಗೆ ಬರುವ ಬನ್ನಿ ಎಮ್ಮೆಯು ೨೦೧೦ರಲ್ಲಿ ಪ್ರತ್ಯೇಕವಾದ ತಳಿಯೆಂದು ಮನ್ನಣೆ ಪಡೆಯಿತು. ಜಾಲಿಯನ್ನು ಕಡಿದು ಇದ್ದಲು ಮಾಡುವುದು ಬಡವರಿಗೆ ಒಂದು ಉಪಜೀವನವೂ ಆಯಿತು. ಹೀಗೆ ಹಾನಿಯೊಡನೆ ಬಾಳುವುದನ್ನು ಜನರು ಕಲಿತರೆಂಬುದು ನಿಜ. ಆದರೆ ಅದರಿಂದ ಹಾನಿಯು ಹಾನಿಯಲ್ಲವೆಂದಾಗುವುದಿಲ್ಲ.

ಇನ್ನೊಂದು ಪ್ರಶ್ನೆಯು ಹಕ್ಕಿನದು. ಅರಣ್ಯವೆಂದು ಬರೆದ ನೆಲದಲ್ಲಿ ಮೇಯಿಸುವವನ ಸ್ಥಾನವೇನು? ೨೦೦೬ರ ಅರಣ್ಯಹಕ್ಕುಗಳ ಕಾಯಿದೆಯು ಸಮುದಾಯದ ಹಕ್ಕುಗಳಿಗೆ ಅವಕಾಶವನ್ನು ಕೊಟ್ಟ ಮೇಲೆ ಮಾಲ್‌ಧಾರಿಗಳು ಬನ್ನಿಯನ್ನು ಅಖಂಡವಾದ ಸಾಮುದಾಯಿಕ ಮೇವಿನ ನೆಲವೆಂದು ಮನ್ನಿಸಬೇಕೆಂದು ಕೇಳಿದರು. ತಮ್ಮ ತಮ್ಮ ಹೆಸರಿಗೆ ತುಂಡು ನೆಲ ಬೇಕೆಂಬುದು ಅವರ ಕೋರಿಕೆಯಾಗಿರಲಿಲ್ಲ. ಬೇಲಿ ಹಾಕಿ ಉಳುವವರ ಅತಿಕ್ರಮಣವನ್ನು ತೆರವುಮಾಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ೨೦೨೧ರಲ್ಲಿ ಆಜ್ಞೆ ಮಾಡಿತು. ಮಳೆಯು ಒಂದು ವರ್ಷ ಪೂರ್ವದಲ್ಲಿಯೂ ಮತ್ತೊಂದು ವರ್ಷ ಪಶ್ಚಿಮದಲ್ಲಿಯೂ ಬೀಳುವ, ಉಪ್ಪು ಏರಿಳಿಯುವ ಬಯಲಿನಲ್ಲಿ ಮೇವು ಒಂದೇ ಕಡೆ ನಿಲ್ಲುವುದಿಲ್ಲ. ಆದಕಾರಣ ಅವಿಭಕ್ತವಾದ ಹಕ್ಕನ್ನು ಕೇಳುವುದು ಈ ಮಣ್ಣಿನ ಗುಣಕ್ಕೆ ಅನುಗುಣವಾದುದೇ.

೬

ಮೇಲಣ ವಿಚಾರದಿಂದ ಮೂರು ಸಂಗತಿಗಳು ಸಿದ್ಧವಾಗುವುವು. ಮೊದಲನೆಯದು, ತೀರದ ತಗ್ಗಿನ ಲವಣಭೂಮಿಯು ಬೇಸಾಯಕ್ಕೆ ಅಯೋಗ್ಯವಾದರೂ ಬಂಜೆಯಲ್ಲ. ಅದರ ಫಲವು ಹುಲ್ಲು. ಎರಡನೆಯದು, ಅಲ್ಲಿನ ಉಪ್ಪನ್ನು ಹತೋಟಿಯಲ್ಲಿಡುವುದು ಸಿಹಿನೀರಿನ ಬರವು ಮತ್ತು ಹುಲ್ಲಿನ ಹೊದಿಕೆ. ಇವೆರಡಕ್ಕೂ ಧಕ್ಕೆ ತಂದು ಬೇರೆ ಉಪಾಯಗಳಿಂದ ಉಪ್ಪನ್ನು ತಡೆಯಲೆಳಸಿದ ಪ್ರಯತ್ನದ ಫಲವನ್ನು ಬನ್ನಿಯಲ್ಲಿ ಕಾಣಬಹುದು. ಮೂರನೆಯದು, ಆ ನೆಲದ ಗುಣಗಳನ್ನು ಬಲ್ಲವರ ಮಾತಿಗೆ ಇತಿಹಾಸದಲ್ಲಿ ಸಾಕ್ಷ್ಯದ ಸ್ಥಾನವಿದೆ; ಬರ್ನ್ಸನು ಅದನ್ನು ಕೇಳಿ ಬರೆದುಕೊಂಡುದರಿಂದಲೇ ನಮಗೆ ಸಿಂದ್ರಿಯ ಸರೋವರದ ರಹಸ್ಯವು ತಿಳಿಯಿತು.

ಈ ವಿಚಾರವು ಕನ್ನಡನಾಡಿಗೂ ಸಂಬಂಧಪಡದುದಲ್ಲ. ಉತ್ತರಕನ್ನಡದ ಅಘನಾಶಿನಿಯ ಅಳಿವೆಯಲ್ಲಿ 'ಗಜನಿ' ಎಂಬ ಉಪ್ಪುನೆಲಗಳಿವೆ. ಮುಂಗಾರಿನ ಮಳೆಯಿಂದ ಉಪ್ಪು ತೊಳೆದುಹೋಗುವ ಕಾಲವನ್ನು ಹಿಡಿದು, ಉಪ್ಪನ್ನೂ ನೆರೆಯನ್ನೂ ತಾಳುವ 'ಕಗ್ಗ' ಬತ್ತವನ್ನು ಅಲ್ಲಿನ ರೈತರು ತಲೆಮಾರುಗಳಿಂದ ಬೆಳೆದಿರುವರು. ಮಳೆಯು ಬಹಳವಾದ ಆ ತೀರದಲ್ಲಿ ಬತ್ತ, ಮಳೆಯು ವಿರಳವಾದ ಕಚ್ಛದಲ್ಲಿ ಹುಲ್ಲು. ಉಪ್ಪು ಇಳಿಯುವ ವೇಳೆಯನ್ನು ಅರಿತು ನಡೆಯುವ ಜಾಣ್ಮೆಯು ಎರಡು ಕಡೆಗಳಲ್ಲಿಯೂ ಒಂದೇ. ನಮ್ಮ ಶಾಸನಗಳಲ್ಲಿಯೂ ಹಳೆಯ ಕಡತಗಳಲ್ಲಿಯೂ ಚೌಳು, ಗಜನಿ, ಹುಲ್ಲುಬನ್ನಿ, ಗೋಮಾಳ ಮೊದಲಾದ ಶಬ್ದಗಳು ಯಾವ ಯಾವ ನೆಲಕ್ಕೆ, ಯಾವ ಕಾಲದಲ್ಲಿ, ಯಾರ ಹಕ್ಕನ್ನು ಸೂಚಿಸಿ ಬಂದಿವೆಯೆಂಬುದನ್ನು ಒಟ್ಟುಗೂಡಿಸಿದರೆ, 'ಖರಾಬು' ಎಂಬ ಒಂದೇ ತಲೆಬರಹದ ಕೆಳಗೆ ಸೇರಿಹೋದ ಎಷ್ಟೋ ಭೂಮಿಗಳ ನಿಜವಾದ ಉಪಯೋಗವು ಹೊರಬರುವುದು. ಆ ಕೆಲಸವನ್ನು ಈ ಪತ್ರಿಕೆಯ ವಾಚಕರಲ್ಲಿ ಆಯಾ ಸೀಮೆಗಳನ್ನು ಬಲ್ಲವರು ಕೈಗೊಳ್ಳಬೇಕೆಂದು ಕೋರಿ ಈ ಲೇಖನವನ್ನು ಮುಗಿಸುತ್ತೇನೆ.